ರೇಖೆ, ಪುಟ, ಚಲನೆ: ಮಾಂಗಾದಿಂದ ಅನಿಮೆಗೆ ಆಗುವ ರೂಪಾಂತರದಲ್ಲಿ ದೃಶ್ಯಸೌಂದರ್ಯದ ಪ್ರಶ್ನೆ

ಸಾಹಿತ್ಯಕೃತಿಯೊಂದು ಚಲನಚಿತ್ರವಾಗಿ ರೂಪಾಂತರಗೊಂಡಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬ ಚರ್ಚೆ ಕನ್ನಡ ವಿಮರ್ಶೆಗೆ ಹೊಸತಲ್ಲ. ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977) ಚಿತ್ರಗಳು ಬಂದಂದಿನಿಂದ ಈ ಚರ್ಚೆ ಒಂದಲ್ಲ ಒಂದು ಬಗೆಯಲ್ಲಿ ನಡೆದುಕೊಂಡೇ ಬಂದಿದೆ. ಆದರೆ ಅದರ ಗಮನ ಬಹುಮಟ್ಟಿಗೆ ಕಥೆ, ಪಾತ್ರ ಮತ್ತು ಆಶಯಗಳ ಸುತ್ತಲೇ ಇದೆ. ಪದದಲ್ಲಿದ್ದುದು ದೃಶ್ಯಕ್ಕೆ ಬಂದಿತೆ, ಬರುವಾಗ ಲೇಖಕನ ಆಶಯ ತಿರುಚಿಕೊಂಡಿತೆ ಎಂಬುದು ನಮ್ಮ ಮುಖ್ಯ ಪ್ರಶ್ನೆ. ಮೂಲಕೃತಿಯೇ ದೃಶ್ಯರೂಪದ್ದಾಗಿದ್ದು, ಅದು ಮತ್ತೊಂದು ದೃಶ್ಯರೂಪಕ್ಕೆ ಹೊರಳಿದಾಗ ಈ ಪ್ರಶ್ನೆಯನ್ನು ಹಾಗೆಯೇ ಕೇಳಲು ಬರುವುದಿಲ್ಲ. ಕಥೆ ಒಂದಿನಿತೂ ಮಾರ್ಪಡದೆ, ಸಂಭಾಷಣೆಯ ಒಂದು ಮಾತೂ ಬಿಟ್ಟುಹೋಗದೆ, ಕೃತಿ ಮಾತ್ರ ಸೊರಗಿಹೋಗಿರುವ ನಿದರ್ಶನಗಳು ಅಲ್ಲಿ ಎದುರಾಗುತ್ತವೆ. ಜಪಾನಿನ ಮಾಂಗಾ ಕೃತಿಗಳು ಅನಿಮೆಗಳಾಗುವಾಗ ನಡೆಯುವುದು ಇಂಥದೇ ವಿದ್ಯಮಾನ. ಮಾಂಗಾದ ದೃಶ್ಯಸೊಬಗು ಅನಿಮೆಯಲ್ಲಿ ಕಳೆದುಹೋಗುವುದೇಕೆ, ಕಳೆದುಹೋಗುವುದು ನಿಖರವಾಗಿ ಯಾವುದು ಎಂಬುದನ್ನು ಕೆಲವು ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಒಂದು ತೊಡಕನ್ನು ಹೇಳಬೇಕು. ಕನ್ನಡದಲ್ಲಿ ‘ಚಿತ್ರಕಥೆ’ ಎಂಬ ಒಂದೇ ಪದ ಅಚ್ಚಾದ ಚಿತ್ರಗಳ ಸರಣಿಯಿಂದ ಹೇಳಿದ ಕಥೆಗೂ, ಸಿನಿಮಾಕ್ಕಾಗಿ ಬರೆದುಕೊಂಡ ದೃಶ್ಯವಿವರಗಳ ಬರಹಕ್ಕೂ ಸಲ್ಲುತ್ತದೆ. ಎರಡರ ನಡುವಿನ ಅಂತರವನ್ನು ನಮ್ಮ ಭಾಷೆ ಗುರುತಿಸುವ ಅಗತ್ಯ ಈವರೆಗೆ ಬಿದ್ದಿಲ್ಲವೆಂದು ತೋರುತ್ತದೆ. ಮಾಂಗಾವನ್ನು ಅನಿಮೆಯ ಕರಡು ಎಂದು ತಿಳಿಯುವ ಸಾಮಾನ್ಯ ತಪ್ಪಿನ ಹಿಂದೆಯೂ ಇದೇ ಗೊಂದಲವಿದೆ. ಮಾಂಗಾದ ಪುಟದಲ್ಲಿ ಚೌಕಗಳಿವೆ, ಚೌಕಗಳಲ್ಲಿ ಚಿತ್ರಗಳಿವೆ, ಅವುಗಳಿಗೆ ಬಣ್ಣ, ಧ್ವನಿ, ಚಲನೆಗಳನ್ನು ಸೇರಿಸಿದರೆ ಅನಿಮೆಯಾಯಿತು ಎಂಬ ಎಣಿಕೆ ಅದು. ಈ ಎಣಿಕೆಯಂತೆ ಅನಿಮೆಯಲ್ಲಿ ಎಲ್ಲವೂ ಕೂಡಿಕೆಯೇ. ಕಳೆಯುವಂಥದು ಏನೂ ಇಲ್ಲ. ಕೃತಿಗಳನ್ನು ಜೊತೆಜೊತೆಯಾಗಿ ಇಟ್ಟುಕೊಂಡು ನೋಡಿದವರಿಗೆ ಆಗುವ ಅನುಭವ ಮಾತ್ರ ಬೇರೆ.

1. ಪುಟದ ಮೇಲಿನ ಸೊಬಗು

ಮಾಂಗಾ ಬಹುಮಟ್ಟಿಗೆ ಕಪ್ಪುಬಿಳುಪಿನ ಕಲೆ. ವಾರಪತ್ರಿಕೆ, ಪಾಕ್ಷಿಕ, ಮಾಸಪತ್ರಿಕೆಗಳ ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಬಳಿಕ ಸಣ್ಣ ಆಕಾರದ ಸಂಪುಟಗಳಾಗಿ ಹೊರಬರುವ ಈ ಪ್ರಕಾರಕ್ಕೆ ಬಣ್ಣವೆಂಬುದು ಅಪರೂಪದ ಅತಿಥಿ. ಹೀಗಾಗಿ ಬೆಳಕು, ತೂಕ, ದೂರ, ಭಾವ ಎಲ್ಲವನ್ನೂ ಮಸಿಯ ರೇಖೆಯೊಂದೇ ಹೊರಬೇಕಾಗುತ್ತದೆ. ಒತ್ತಿದರೆ ದಪ್ಪವಾಗಿ, ಸಡಿಲಿಸಿದರೆ ಕೂದಲೆಳೆಯಾಗಿ ಹರಿಯುವ ‘ಜಿ ಪೆನ್’ ಎಂಬ ಲೋಹದ ಮೊನೆ, ಸೂಕ್ಷ್ಮ ಗೆರೆಗಳಿಗೆ ಬಳಸುವ ‘ಮಾರು ಪೆನ್’, ಬೂದು ಛಾಯೆಗಾಗಿ ಕತ್ತರಿಸಿ ಅಂಟಿಸುತ್ತಿದ್ದ ಚುಕ್ಕೆಗಳ ಸ್ಕ್ರೀನ್ ಟೋನ್ ಹಾಳೆ ಇವು ಅದರ ಸಲಕರಣೆಗಳು. ಇತ್ತೀಚಿನ ವರ್ಷಗಳಲ್ಲಿ ಬಹುಪಾಲು ಕೆಲಸ ಗಣಕಯಂತ್ರಕ್ಕೆ ಸರಿದಿದ್ದರೂ ಈ ಪೆನ್ನುಗಳ ಗುಣವನ್ನೇ ಅಲ್ಲಿಯೂ ಅನುಕರಿಸಲಾಗುತ್ತದೆ.

ಕೆಂತಾರೊ ಮಿಯುರಾ (1966-2021) ಅವರ ‘ಬರ್ಸರ್ಕ್’ 1989ರಲ್ಲಿ ಆರಂಭವಾದ ಕೃತಿ. ಯೂರೋಪಿನ ಮಧ್ಯಯುಗವನ್ನು ಹೋಲುವ ಕಲ್ಪಿತ ಲೋಕವೊಂದರಲ್ಲಿ ತನಗಿಂತಲೂ ಭಾರವಾದ ಖಡ್ಗವನ್ನು ಹೊತ್ತು ಅಲೆಯುವ ಗಟ್ಸ್ ಎಂಬ ಯೋಧನ ಕಥೆಯಿದು. ಇಲ್ಲಿ ಒಂದರ ಮೇಲೊಂದು ಅಡ್ಡಹಾಯುವ ಸಣ್ಣ ಗೆರೆಗಳ ಹೆಣಿಗೆಯಿಂದ ಕತ್ತಲು ಹುಟ್ಟುತ್ತದೆ. ಗೆರೆಗಳ ಸಾಂದ್ರತೆ ಹೆಚ್ಚಿದಲ್ಲಿ ಕತ್ತಲು ಗಟ್ಟಿಯಾಗುತ್ತದೆ. ಗೆರೆ ಬಾಗಿದ ಕಡೆಗೆ ಮಾಂಸಖಂಡ ಬಾಗುತ್ತದೆ. ಖಡ್ಗ ಬೀಸಿದ ಕ್ಷಣವನ್ನು ತೋರುವ ಪುಟದಲ್ಲಿ ಬೀಸುವಿಕೆ ಮುಗಿದುಹೋಗಿರುತ್ತದೆ ಅಥವಾ ಇನ್ನೇನು ಆರಂಭವಾಗಬೇಕಾಗಿರುತ್ತದೆ. ನಡುವಿನ ಚಲನೆಯನ್ನು ಗೆರೆಗಳ ಓಟ ಸೂಚಿಸುತ್ತದಷ್ಟೆ. ಆ ಖಡ್ಗದ ಭಾರ ನಮ್ಮ ತೋಳಿಗೆ ತಾಗುವಂತಾಗುವುದು ಅದು ಚಲಿಸುವುದನ್ನು ನಾವು ಕಾಣದಿರುವುದರಿಂದ. ಕಾವ್ಯಮೀಮಾಂಸೆಯ ಪರಿಚಯವಿರುವವರಿಗೆ ಇದು ಹೊಸ ಮಾತಲ್ಲ. ವಾಚ್ಯವಾಗದೆ ಉಳಿದುದು ಸಹೃದಯನಲ್ಲಿ ವ್ಯಂಗ್ಯವಾಗಿ ಸ್ಫುರಿಸುವ ಬಗೆಯಿದು; ಪದದ ಬದಲು ಗೆರೆಯಿದೆ, ಅಷ್ಟೇ ವ್ಯತ್ಯಾಸ.

ರೇಖೆಯ ಜೊತೆಗೆ ಪುಟವನ್ನೂ ಗಮನಿಸಬೇಕು. ಬಲದಿಂದ ಎಡಕ್ಕೆ ಓದುವ ಮಾಂಗಾದಲ್ಲಿ ಚೌಕಕ್ಕೆ (ಜಪಾನಿಯಲ್ಲಿ ಕೊಮಾ) ನಿಶ್ಚಿತ ಆಕಾರವಿಲ್ಲ. ಅದು ಕಿರಿದಾದ ಸೀಳಾಗಬಹುದು, ಇಡೀ ಪುಟವಾಗಬಹುದು, ಎರಡು ಪುಟಗಳನ್ನು ಕೂಡಿಕೊಂಡ ಹಾಸಾಗಬಹುದು. ಹುಡುಗಿಯರಿಗಾಗಿ ಬರೆದ ಶೋಜೊ ಮಾಂಗಾಗಳಲ್ಲಂತೂ ಚೌಕದ ಗೆರೆಯೇ ಅಳಿಸಿಹೋಗಿ ಒಂದು ಮುಖದ ಮೇಲೆ ಇನ್ನೊಂದು ಮುಖ, ಅದರ ಹಿಂದೆ ಹೂಗಳು, ಅದಕ್ಕೆ ತಾಗಿದಂತೆ ಮನದ ಮಾತು ಹೀಗೆ ಕಾಲದ ಬೇರೆ ಬೇರೆ ಗಳಿಗೆಗಳು ಒಂದೇ ಪುಟದಲ್ಲಿ ಕೂಡಿ ನಿಲ್ಲುತ್ತವೆ. ಪುಟ ತಿರುವುವ ಕ್ರಿಯೆಯೂ ರಚನೆಯ ಭಾಗವೇ. ಇದಕ್ಕೆ ಜಪಾನಿ ಚಿತ್ರಕಾರರು ‘ಮೆಕುರಿ’ ಎನ್ನುತ್ತಾರೆ. ಎಡಪುಟದ ಕೊನೆಯ ಚೌಕದಲ್ಲಿ ಪಾತ್ರವೊಂದು ಏನನ್ನೋ ಕಂಡು ಬೆಚ್ಚುತ್ತದೆ. ಕಂಡದ್ದು ಏನೆಂಬುದು ಪುಟದ ಹಿಂದಿದೆ. ತಿರುವುವ ಕೈ ಓದುಗನದೇ ಆದ್ದರಿಂದ ಆ ನೋಟಕ್ಕೆ ಅವನೂ ಹೊಣೆಗಾರನಾಗುತ್ತಾನೆ.

ಇನ್ನು ಧ್ವನಿಯ ವಿಚಾರ. ಮಾಂಗಾದಲ್ಲಿ ಶಬ್ದಗಳು ಚಿತ್ರದ ಅಂಗವಾಗಿಯೇ ಬರೆಯಲ್ಪಡುತ್ತವೆ. ಬಾಗಿಲು ಬಡಿದ ಸದ್ದಿನ ಅಕ್ಷರಗಳು ಬಾಗಿಲಿನಷ್ಟೇ ದೊಡ್ಡದಾಗಿ, ಒಡೆದ ಮರದ ಚೂರುಗಳಂತೆ ಚದುರಿರಬಹುದು. ಕನ್ನಡ ವ್ಯಾಕರಣದಲ್ಲಿ ನಾವು ಅನುಕರಣಾವ್ಯಯವೆಂದು ಪಾಠ ಹೇಳುವ ‘ಧಗಧಗ’, ‘ಚಟಚಟ’ಗಳ ಬಳಗದಂಥದೇ ವಿಪುಲವಾದ ಬಳಗ ಜಪಾನಿಯಲ್ಲಿದೆ. ನಮ್ಮ ‘ಥಳಥಳ’ದಂತೆ ಸದ್ದಿಲ್ಲದ ಸ್ಥಿತಿಗಳನ್ನು ಸೂಚಿಸುವ ಪದಗಳೂ ಅದರಲ್ಲಿ ಹೇರಳ. ಅವುಗಳಲ್ಲಿ ಅತ್ಯಂತ ಸ್ವಾರಸ್ಯದ್ದು ‘ಶೀನ್’ ಎಂಬುದು. ಅದು ಮೌನದ ಅನುಕರಣ ಶಬ್ದ. ನಿರ್ಜನವಾದ ಕೋಣೆಯ ಚಿತ್ರದ ಮೇಲೆ ಉದ್ದಕ್ಕೆ ಎಳೆದು ಬರೆದ ಆ ಅಕ್ಷರಗಳನ್ನು ಕಂಡಾಗ ಮೌನ ಕಣ್ಣಿಗೆ ಕಾಣುತ್ತದೆ. ಅನಿಮೆಯಲ್ಲಿ ಆ ಜಾಗದಲ್ಲಿ ನಿಜವಾಗಿಯೂ ಸದ್ದಿಲ್ಲ, ಅಥವಾ ಹಿನ್ನೆಲೆಯಲ್ಲಿ ಜೀರುಂಡೆಯ ಸದ್ದಿದೆ. ಬರೆದ ಮೌನವೂ ಕೇಳಿಸದ ಮೌನವೂ ಒಂದೇ ಅಲ್ಲ.

2. ಗೆರೆಯೊಂದರ ಬೆಲೆ

ಈ ಸೊಬಗು ಅನಿಮೆಯಲ್ಲಿ ಕುಗ್ಗುವುದಕ್ಕೆ ನಿರ್ದೇಶಕರ ಅರಸಿಕತೆಯೇ ಕಾರಣವೆಂದು ಅಭಿಮಾನಿಗಳು ದೂರುವುದುಂಟು. ಅದು ಅರ್ಧಸತ್ಯ. ಕಾರಣವನ್ನು ತಯಾರಿಕೆಯ ಕ್ರಮದಲ್ಲಿ ಹುಡುಕುವುದು ಹೆಚ್ಚು ಫಲದಾಯಕವೆಂದು ನನ್ನ ಅಭಿಪ್ರಾಯ.

ಒಸಾಮು ತೆಜುಕಾ (1928-1989) ಅವರು 1952ರಿಂದ ಬರೆಯುತ್ತಿದ್ದ ‘ತೆತ್ಸುವಾನ್ ಆತೊಮು’ ಮಾಂಗಾವನ್ನು ತಮ್ಮದೇ ಮುಶಿ ಪ್ರೊಡಕ್ಷನ್ ಸಂಸ್ಥೆಯ ಮೂಲಕ ದೂರದರ್ಶನ ಸರಣಿಯಾಗಿ ತಂದರು. ಅದರ ಮೊದಲ ಕಂತು ಪ್ರಸಾರವಾದದ್ದು 1963ರ ಜನವರಿ 1ರಂದು, ಫುಜಿ ವಾಹಿನಿಯಲ್ಲಿ. ವಾರಕ್ಕೊಂದು ಕಂತು ಸಿದ್ಧವಾಗಬೇಕು. ಸಿಗುವ ಹಣವೋ ಅತ್ಯಲ್ಪ. ಸಿನಿಮಾ ಫಿಲ್ಮಿನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅಷ್ಟಕ್ಕೂ ಬೇರೆಬೇರೆ ಚಿತ್ರ ಬರೆಯದೆ, ಒಂದೊಂದು ಚಿತ್ರವನ್ನು ಮೂರು ಮೂರು ಚೌಕಟ್ಟುಗಳಿಗೆ ನಿಲ್ಲಿಸಿ, ಸೆಕೆಂಡಿಗೆ ಎಂಟು ಚಿತ್ರಗಳಲ್ಲಿ ಕೆಲಸ ಮುಗಿಸುವ ಕ್ರಮ ರೂಢಿಗೆ ಬಂತು. ಬಾಯಿ ಮಾತ್ರ ಅಲ್ಲಾಡುವ ನಿಶ್ಚಲ ಮುಖಗಳು, ಒಮ್ಮೆ ಬರೆದ ಚಿತ್ರಗಳನ್ನು ಕಾಪಿಟ್ಟು ಮತ್ತೆಮತ್ತೆ ಬಳಸುವ ‘ಬ್ಯಾಂಕ್’ ಪದ್ಧತಿ ಇವೆಲ್ಲ ಆಗ ನೆಲೆಗೊಂಡ ಮಿತವ್ಯಯದ ಉಪಾಯಗಳು. ಜಪಾನಿನ ಟಿವಿ ಅನಿಮೆ ಇಂದಿಗೂ ಈ ತಳಹದಿಯ ಮೇಲೆಯೇ ನಿಂತಿದೆ.

ಮಿತವ್ಯಯವೆಂದರೆ ಚಿತ್ರಗಳ ಸಂಖ್ಯೆ ಇಳಿಸುವುದಷ್ಟೇ ಅಲ್ಲ. ಮಾಂಗಾಕಾರನಿಗೆ ಸಹಾಯಕರಿದ್ದರೂ ಮುಖ್ಯ ಪಾತ್ರಗಳ ರೇಖೆ ಸಾಮಾನ್ಯವಾಗಿ ಅವನ ಕೈಯದೇ ಆಗಿರುತ್ತದೆ. ಅನಿಮೆಯಲ್ಲಿ ಹಾಗಲ್ಲ. ಮುಖ್ಯಭಂಗಿಗಳನ್ನು (ಗೆಂಗಾ) ಹಲವು ಚಿತ್ರಕಾರರು ಹಂಚಿಕೊಂಡು ಬರೆಯುತ್ತಾರೆ. ಅವುಗಳನ್ನು ತಿದ್ದಿ ಒಂದು ಹದಕ್ಕೆ ತರಲು ಮೇಲ್ವಿಚಾರಕ ಚಿತ್ರಕಾರನಿರುತ್ತಾನೆ. ಆಮೇಲೆ ಇನ್ನೊಂದು ತಂಡ ಅವುಗಳನ್ನು ಶುದ್ಧ ಗೆರೆಯಲ್ಲಿ ತಿದ್ದಿ ಬರೆದು, ಎರಡು ಭಂಗಿಗಳ ನಡುವಣ ಚಿತ್ರಗಳನ್ನು (ದೋಗಾ) ತುಂಬುತ್ತದೆ. ಇಷ್ಟು ಕೈಗಳಲ್ಲಿ ಹಾದುಹೋದರೂ ಪಾತ್ರ ಒಂದೇ ಆಗಿ ಕಾಣಬೇಕಾದರೆ ರೇಖೆ ಯಾರ ಕೈಯದೂ ಆಗಿರಕೂಡದು. ಆದ್ದರಿಂದ ಅದು ಒಂದೇ ದಪ್ಪದ, ತೆಳುವಾದ, ನಿರ್ವಿಕಾರ ಗೆರೆಯಾಗುತ್ತದೆ. ಬಣ್ಣ ತುಂಬುವ ಹಂತವೂ ಇದನ್ನೇ ಬೇಡುತ್ತದೆ. ಮೊದಲು ಸೆಲ್ ಎಂಬ ಪಾರದರ್ಶಕ ಹಾಳೆಯ ಹಿಂಬದಿಗೆ ಬಣ್ಣ ಹಚ್ಚುತ್ತಿದ್ದರು. ಈಗ ಆ ಕೆಲಸ ಗಣಕಯಂತ್ರದಲ್ಲಿ ನಡೆಯುತ್ತದೆ. ಎರಡರಲ್ಲಿಯೂ ಗೆರೆ ಸುತ್ತಲೂ ಮುಚ್ಚಿಕೊಂಡಿದ್ದರೆ ಕೆಲಸ ಸಲೀಸು. ಅರ್ಧಕ್ಕೆ ನಿಂತ ಗೆರೆ, ಗಾಳಿಗೆ ಬಿಟ್ಟ ತುದಿ, ಹರಕು ಅಂಚು ಇವೆಲ್ಲ ಅಲ್ಲಿ ದೋಷಗಳು. ಮಾಂಗಾದಲ್ಲಿ ಹಲವೊಮ್ಮೆ ಇವೇ ಜೀವ.

ಇದರ ಪರಿಣಾಮ ಪಾತ್ರವಿನ್ಯಾಸದ ಹಂತದಲ್ಲಿಯೇ ಗೋಚರಿಸುತ್ತದೆ. ಮಾಂಗಾದ ಮುಖವೊಂದನ್ನು ಅನಿಮೆಗೆ ಅಳವಡಿಸುವಾಗ ಎಷ್ಟು ಗೆರೆ ಉಳಿಸಬೇಕೆಂಬುದು ಹಣದ ಲೆಕ್ಕವೂ ಹೌದು. ಕೆನ್ನೆಯ ಮೇಲೆ ಐದು ಗೀರು ಹೆಚ್ಚಾಗಿ ಎಳೆದರೆ ಮಾಂಗಾಕಾರನಿಗೆ ಕೆಲವು ಸೆಕೆಂಡುಗಳ ಕೆಲಸ. ಅನಿಮೆಯಲ್ಲಿ ಆ ಮುಖ ಸಾವಿರಾರು ಚಿತ್ರಗಳಲ್ಲಿ ಬರುತ್ತದೆ. ಐದು ಗೀರು ಸಾವಿರಾರು ಸಲ ಐದು ಗೀರು. ಮೇಲಾಗಿ ಅವು ಒಂದು ಚಿತ್ರದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಸರಿದರೂ ತೆರೆಯ ಮೇಲೆ ಕೆನ್ನೆ ಕುದಿಯುತ್ತಿರುವಂತೆ ಕಾಣುತ್ತದೆ. ಹೀಗೆ ಗೀರುಗಳು ಹೋಗಿ, ಆ ಜಾಗಕ್ಕೆ ಎರಡು ಹಂತದ ಚಪ್ಪಟೆ ಬಣ್ಣ ಬರುತ್ತದೆ. ಹಿಂದೆ ಹೇಳಿದ ‘ಕೂಡಿಕೆಯ’ ವಾದ ಇಲ್ಲಿ ಕುಸಿಯುತ್ತದೆ. ಚಲನೆಯನ್ನು ಕೂಡಿಸುವ ಕ್ರಿಯೆಯೇ ರೇಖೆಯನ್ನು ಕಳೆಯುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು: ಇಂಥ ನಷ್ಟಕ್ಕೆ ಚಲನೆಯೇ ಬೇಕೆಂದಿಲ್ಲ. ಕಾತ್ಸುಹಿರೊ ಓತೊಮೊ ಅವರ ‘ಅಕಿರಾ’ ಮಾಂಗಾವನ್ನು ಅಮೆರಿಕದ ಎಪಿಕ್ ಕಾಮಿಕ್ಸ್ 1988ರಿಂದ ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ, ಎಡದಿಂದ ಬಲಕ್ಕೆ ಓದುವವರಿಗಾಗಿ ಪುಟಗಳನ್ನು ಕನ್ನಡಿಯಂತೆ ತಿರುಗಿಸಿ, ಗಣಕಯಂತ್ರದಿಂದ ಬಣ್ಣ ತುಂಬಲಾಯಿತು. ಬಣ್ಣ ತುಂಬಿದವರ ಕೌಶಲ ಮೆಚ್ಚತಕ್ಕದ್ದೇ. ಆದರೂ ಓತೊಮೊ ಅವರು ಬಿಳಿಯಾಗಿ ಬಿಟ್ಟ ಆಕಾಶ ಅಲ್ಲಿ ನೀಲಿಯೋ ಕಿತ್ತಳೆಯೋ ಆಗಿಹೋಯಿತು. ಅನುವಾದಗಳ ಮೂಲಕವೇ ಮಾಂಗಾ ಓದಬೇಕಾದ ನಮ್ಮಂಥವರು ಈ ಎಚ್ಚರವನ್ನು ಇಟ್ಟುಕೊಳ್ಳುವುದು ಒಳಿತು.

3. ‘ಬರ್ಸರ್ಕ್’ನ ಎರಡು ಅವತಾರಗಳು

‘ಬರ್ಸರ್ಕ್’ ಒಂದಕ್ಕಿಂತ ಹೆಚ್ಚು ಸಲ ತೆರೆಗೆ ಬಂದಿರುವುದರಿಂದ ಹೋಲಿಕೆಗೆ ಅನುಕೂಲವಾದ ಆಕರ. 1997-98ರಲ್ಲಿ ನಾವೊಹಿತೊ ತಾಕಾಹಾಶಿ ಅವರ ನಿರ್ದೇಶನದಲ್ಲಿ 25 ಕಂತುಗಳ ಸರಣಿ ಬಂತು. ಅದರ ಚಲನೆ ಬಡವಾದುದು. ಯುದ್ಧದ ಎಷ್ಟೋ ದೃಶ್ಯಗಳಲ್ಲಿ ಬಣ್ಣ ಬಳಿದ ಒಂದು ನಿಶ್ಚಲ ಚಿತ್ರದ ಮೇಲೆ ಕ್ಯಾಮೆರಾ ಜಾರುತ್ತದಷ್ಟೆ. ಮಿಯುರಾ ಅವರ ಗೆರೆಗಳ ಹೆಣಿಗೆ ಅಲ್ಲಿ ಇಲ್ಲವೇ ಇಲ್ಲ. ಆದರೂ ಆ ಸರಣಿಯನ್ನು ನೋಡಿದವರಿಗೆ ಮಾಂಗಾದ ಭಾರ ಅಷ್ಟಿಷ್ಟು ದಕ್ಕುತ್ತದೆ. ಹಣದ ಅಭಾವವೇ ಅದನ್ನು ಉಳಿಸಿತು ಎಂದರೆ ವಿಚಿತ್ರವೆನಿಸಬಹುದು. ಚಲಿಸಲಾರದ ಚಿತ್ರ ನಿಂತೇ ಇದ್ದುದರಿಂದ ಪುಟದ ಸ್ಥಿರತೆಗೆ ತಾನಾಗಿಯೇ ಹತ್ತಿರವಾಯಿತು.

2016-17ರಲ್ಲಿ ಶಿನ್ ಇತಾಗಾಕಿ ಅವರ ನಿರ್ದೇಶನದಲ್ಲಿ ಬಂದ ಸರಣಿಯ ಹಾದಿ ಇದಕ್ಕೆ ವಿರುದ್ಧ. ಇಲ್ಲಿ ಪಾತ್ರಗಳನ್ನು ಬಹುಮಟ್ಟಿಗೆ ಗಣಕಯಂತ್ರದ ಮೂರು ಆಯಾಮದ ಬೊಂಬೆಗಳಾಗಿ ಕಟ್ಟಲಾಯಿತು. ಮಾಂಗಾದ ಅಡ್ಡಗೆರೆಗಳು ಕಳೆದುಹೋಗಬಾರದೆಂಬ ಕಾಳಜಿಯೂ ಅವರಿಗಿತ್ತು. ಅದಕ್ಕಾಗಿ ಬೊಂಬೆಗಳ ಮೈಮೇಲೆ ಗೆರೆಗಳ ವಿನ್ಯಾಸವನ್ನು ಹೊದಿಸಿದರು. ಈ ಸರಣಿ ಅಭಿಮಾನಿಗಳಿಂದಲೂ ವಿಮರ್ಶಕರಿಂದಲೂ ತೀವ್ರ ಟೀಕೆಗೆ ಗುರಿಯಾಯಿತು. ಬೊಂಬೆಗಳ ಬಿಗುವಾದ ನಡಿಗೆ, ತಲೆ ತಿರುಗಿಸುವ ಕ್ಯಾಮೆರಾ ಇವು ಜನ ಮುಖ್ಯವಾಗಿ ಆಡಿದ ದೂರುಗಳು. ಆದರೆ ನಮ್ಮ ಚರ್ಚೆಗೆ ಮುಖ್ಯವಾದುದು ಆ ಗೆರೆಗಳ ಗತಿ. ಮಾಂಗಾದಲ್ಲಿ ಗೀರು ಬೆಳಕಿನ ದಿಕ್ಕನ್ನು ಹೇಳುತ್ತಿತ್ತು, ಮೈಯ ಬಿಗಿತವನ್ನು ಹೇಳುತ್ತಿತ್ತು. ಪ್ರತಿ ಚೌಕದಲ್ಲಿಯೂ ಆ ಗಳಿಗೆಯ ಅಗತ್ಯಕ್ಕೆ ತಕ್ಕಂತೆ ಹೊಸದಾಗಿ ಹುಟ್ಟುತ್ತಿತ್ತು. ಇಲ್ಲಿ ಅದು ಬಟ್ಟೆಯ ಮೇಲಿನ ಅಚ್ಚಿನಂತೆ ಮೈಗೆ ಅಂಟಿಕೊಂಡು ಮೈಯ ಜೊತೆಗೆ ಓಡಾಡುತ್ತದೆ. ಗೆರೆ ಉಳಿಯಿತು, ಗೆರೆಯ ಕೆಲಸ ಹೋಯಿತು. ಮೂಲನಿಷ್ಠೆಯೆಂಬುದನ್ನು ಹೊರರೂಪದ ಅನುಕರಣೆಯೆಂದು ತಿಳಿದರೆ ಒದಗುವ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

4. ಕಾಲದ ಒಡೆತನ

ರೇಖೆಯ ನಷ್ಟ ಕಣ್ಣಿಗೆ ಕಾಣುವಂಥದು. ಕಾಣದ ಇನ್ನೊಂದು ನಷ್ಟವಿದೆ. ಅದು ನೋಡುವ ಕಾಲದ ಒಡೆತನಕ್ಕೆ ಸಂಬಂಧಿಸಿದ್ದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಮೌನವಾಗಿ ಓದುವವನು ರೂಪಕವೊಂದರ ಬಳಿ ಎಷ್ಟು ಹೊತ್ತಾದರೂ ನಿಲ್ಲಬಲ್ಲ. ಅದೇ ಪದ್ಯವನ್ನು ಗಮಕಿ ಹಾಡುವಾಗ ಎಲ್ಲಿ ನಿಲ್ಲಬೇಕು, ಯಾವುದನ್ನು ಎಳೆಯಬೇಕು ಎಂಬ ಅಧಿಕಾರ ಗಮಕಿಯ ಕೈಗೆ ಹೋಗುತ್ತದೆ. ಆದರೂ ಗಮಕಿಗೆ ಎದುರಿಗೆ ಸಭೆಯಿದೆ. ಸಭೆ ತಲೆದೂಗಿದರೆ ಅವನು ಸಾಲನ್ನು ಮತ್ತೆ ಹಾಡುತ್ತಾನೆ. ಅನಿಮೆಗೆ ಆ ಸೌಲಭ್ಯವೂ ಇಲ್ಲ. ಮಾಂಗಾದ ಎರಡು ಪುಟಗಳ ಹಾಸನ್ನು ಓದುಗ ಮೊದಲು ಒಟ್ಟಾಗಿ ನೋಡುತ್ತಾನೆ, ಆಮೇಲೆ ಮೂಲೆಮೂಲೆಗೆ ಹೋಗುತ್ತಾನೆ, ಹಿಂದಿನ ಚೌಕಕ್ಕೆ ಮರಳುತ್ತಾನೆ. ತೆರೆಯ ಮೇಲೆ ಅದು ಮೂರು ಸೆಕೆಂಡು ಇದ್ದು ಹೋಗುತ್ತದೆ. ಪುಟದಲ್ಲಿ ಚೌಕದ ಆಕಾರ ಬದಲಾಗುವುದೇ ಒಂದು ಮಾತಾಗಿದ್ದರೆ, ತೆರೆಯ ಆಕಾರ ಮೊದಲಿನಿಂದ ಕೊನೆಯವರೆಗೆ ಒಂದೇ.

ಇದನ್ನು ಜುಂಜಿ ಇತೊ ಅವರ ‘ಉಜುಮಾಕಿ’ಯಷ್ಟು ಚೆನ್ನಾಗಿ ತೋರಿಸುವ ಕೃತಿ ಇನ್ನೊಂದಿಲ್ಲ. 1963ರಲ್ಲಿ ಜನಿಸಿದ ಇತೊ ಹಲ್ಲುಕಟ್ಟುಗಳನ್ನು ತಯಾರಿಸುವ ತಂತ್ರಜ್ಞರಾಗಿದ್ದು ಬಳಿಕ ಮಾಂಗಾಕಾರರಾದವರು. ಅವರ ರೇಖೆಯ ಶುಷ್ಕ ನಿಖರತೆಯನ್ನು ಕಂಡಾಗ ಈ ವಿವರ ನೆನಪಾಗದೆ ಇರದು. ‘ಉಜುಮಾಕಿ’ ಎಂದರೆ ಸುರುಳಿ, ಸುಳಿ. 1998-99ರಲ್ಲಿ ಧಾರಾವಾಹಿಯಾಗಿ ಬಂದು ಮೂರು ಸಂಪುಟಗಳಾದ ಈ ಭಯಾನಕ ಕಥನದಲ್ಲಿ ಕುರೊಜು ಎಂಬ ಪಟ್ಟಣವನ್ನು ಸುರುಳಿಯ ಆಕಾರವೇ ಶಾಪವಾಗಿ ಆವರಿಸುತ್ತದೆ. ಕಿರಿಯೆ ಎಂಬ ಹುಡುಗಿ ಕಥೆಯ ನಿರೂಪಕಿ. ಅವಳ ಗೆಳೆಯ ಶುಇಚಿಯ ತಂದೆಗೆ ಸುರುಳಿಯ ಹುಚ್ಚು ಹತ್ತಿ, ಕೊನೆಗೆ ದುಂಡನೆಯ ಮರದ ತೊಟ್ಟಿಯೊಳಗೆ ತನ್ನ ದೇಹವನ್ನೇ ಸುರುಳಿ ಸುತ್ತಿಕೊಂಡು ಸಾಯುತ್ತಾನೆ. ಶವ ಸುಟ್ಟ ಹೊಗೆ ಆಕಾಶದಲ್ಲಿ ಸುರುಳಿಯಾಗುತ್ತದೆ. ತಾಯಿ ಸುರುಳಿಯ ಭೀತಿಯಿಂದ ತನ್ನ ಬೆರಳ ತುದಿಗಳ ಚರ್ಮವನ್ನೇ ಕತ್ತರಿಸಿಕೊಳ್ಳುತ್ತಾಳೆ.

ಸಾರಾಂಶವಾಗಿ ಹೇಳಿದರೆ ಹಾಸ್ಯಾಸ್ಪದವೆನಿಸಬಹುದಾದ ಈ ಕಥೆ ಪುಟದ ಮೇಲೆ ನಡುಕ ಹುಟ್ಟಿಸುವುದು ಹೇಗೆ? ಮಸಿಯ ನವಿರು ಗೆರೆಗಳು ಕೂದಲು, ಹೊಗೆ, ಹುಲ್ಲು, ಚರ್ಮಗಳಲ್ಲಿ ಒಂದರ ಪಕ್ಕ ಒಂದು ಬಾಗುತ್ತ ಕೇಂದ್ರದ ಕಡೆಗೆ ಸಾಗುತ್ತವೆ. ಪುಟದ ಮೇಲಿನ ಸುರುಳಿ ನಿಶ್ಚಲವಾಗಿದೆ. ತಿರುಗುವುದು ಓದುಗನ ಕಣ್ಣು. ಆ ಗೆರೆಯ ಜಾಡು ಹಿಡಿದು ಒಳಕ್ಕೆ ಇಳಿಯುವಾಗ ಶುಇಚಿಯ ತಂದೆ ಮಾಡಿದ್ದನ್ನೇ ನಾವೂ ಮಾಡುತ್ತಿರುತ್ತೇವೆ. ಪಾತ್ರದ ರೋಗ ಓದುಗನಿಗೆ ತಗಲುವುದು ಹೀಗೆ. ಇದೇ ಸುರುಳಿ ತೆರೆಯ ಮೇಲೆ ತಾನಾಗಿಯೇ ತಿರುಗತೊಡಗಿದರೆ ಕಣ್ಣಿಗೆ ಕೆಲಸವಿಲ್ಲ. ನಾವು ಹೊರಗೆ ನಿಂತು ವಿಚಿತ್ರವೊಂದನ್ನು ನೋಡುವ ಪ್ರೇಕ್ಷಕರಾಗಿಬಿಡುತ್ತೇವೆ.

ಇತೊ ಅವರ ಬಿಡಿಕಥೆಗಳನ್ನು ಆಧರಿಸಿ 2018ರಲ್ಲಿ ಬಂದ ‘ಜುಂಜಿ ಇತೊ ಕಲೆಕ್ಷನ್’ ಸರಣಿ ಮೇಲೆ ವಿವರಿಸಿದ ಸಾಮಾನ್ಯ ಕ್ರಮದಲ್ಲಿಯೇ ಅವರ ಗೆರೆಗಳನ್ನು ಬೋಳಿಸಿ ಬಣ್ಣ ತುಂಬಿತ್ತು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಸೆಪ್ಟೆಂಬರ್ 28ರಂದು ಅಮೆರಿಕದ ಅಡಲ್ಟ್ ಸ್ವಿಮ್ ವಾಹಿನಿಯಲ್ಲಿ ಆರಂಭವಾದ ನಾಲ್ಕು ಕಂತುಗಳ ‘ಉಜುಮಾಕಿ’ ಮಾತ್ರ ಗಂಭೀರ ಪರಿಶೀಲನೆಗೆ ಅರ್ಹವಾದುದು. 2019ರಲ್ಲಿ ಘೋಷಣೆಯಾಗಿ, ಹಲವು ಸಲ ಮುಂದಕ್ಕೆ ಹೋಗಿ, ಐದು ವರ್ಷಗಳ ಮೇಲೆ ತೆರೆ ಕಂಡ ಈ ಸರಣಿಯ ನಿರ್ದೇಶಕ ಹಿರೊಶಿ ನಾಗಾಹಾಮಾ, ಹಿಂದೆ ‘ಮುಶಿಶಿ’ಯನ್ನು (2005-06) ಅನಿಮೆಯಾಗಿಸಿ ಹೆಸರಾದವರು. ಅವರು ಬಣ್ಣವನ್ನೇ ಬಿಟ್ಟುಕೊಟ್ಟರು. ಇತೊ ಅವರ ಕಪ್ಪುಬಿಳುಪನ್ನು, ಗೆರೆಗಳ ದಟ್ಟಣೆಯನ್ನು, ಎಷ್ಟೋ ಕಡೆ ಚೌಕದ ಸಂಯೋಜನೆಯನ್ನೇ ಉಳಿಸಿಕೊಂಡರು. ಮೊದಲ ಕಂತಿನಲ್ಲಿ ಪಾತ್ರಗಳು ನಿಧಾನವಾಗಿ, ತೂಕದಿಂದ, ಮೈಗೆರೆಗಳ ಸಮೇತ ನಡೆದಾಡುವುದನ್ನು ಕಂಡು ಮಾಂಗಾವೇ ಎದ್ದು ಬಂದಿತೆಂದು ಪ್ರೇಕ್ಷಕರು ಹರ್ಷಪಟ್ಟರು. ಎರಡನೆಯ ಕಂತಿಗೆ ಚಿತ್ರಗಳ ಗುಣ ಕಣ್ಣಿಗೆ ರಾಚುವಂತೆ ಕುಸಿಯಿತು. ನಿರ್ಮಾಣದ ಹೊಣೆ ಹೊತ್ತಿದ್ದವರೇ ಸಮಸ್ಯೆಯಾದದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಗೆರೆಯೊಂದರ ಬೆಲೆಯ ಬಗ್ಗೆ ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕಿಲ್ಲ. ಅಷ್ಟು ಗೆರೆಗಳನ್ನು ಚಲಿಸುವಂತೆ ಮಾಡಲು ಒಂದು ಕಂತಿನ ಮಟ್ಟಿಗೆ ಸಾಧ್ಯವಾಯಿತು.

ಆದರೆ ಮೆಚ್ಚುಗೆ ಪಡೆದ ಮೊದಲ ಕಂತನ್ನು ಮಾಂಗಾದ ಜೊತೆಗಿಟ್ಟು ನೋಡಿದರೂ ಒಂದು ಕೊರತೆ ಕಾಡುತ್ತದೆ. ಮೂರು ಸಂಪುಟಗಳನ್ನು ನಾಲ್ಕು ಕಂತುಗಳಲ್ಲಿ ತುಂಬಲು ಮಾಂಗಾದಲ್ಲಿ ಬಿಡಿಬಿಡಿಯಾಗಿದ್ದ ಅಧ್ಯಾಯಗಳನ್ನು ಒಂದರೊಳಗೊಂದು ಹೆಣೆಯಲಾಗಿದೆ. ತೊಟ್ಟಿಯಲ್ಲಿ ಸುರುಳಿಗೊಂಡ ದೇಹದ ಚಿತ್ರಕ್ಕೆ ಮಾಂಗಾದಲ್ಲಿ ಇತೊ ಇಡೀ ಅಧ್ಯಾಯದ ಸಿದ್ಧತೆ ಮಾಡಿಕೊಳ್ಳುತ್ತಾರೆ. ಅದನ್ನು ಕಂಡ ಓದುಗ ಅಲ್ಲಿಯೇ ನಿಲ್ಲುತ್ತಾನೆ. ಧಾರಾವಾಹಿಯಾಗಿ ಓದಿದವನಿಗೆ ಮುಂದಿನ ಸಂಚಿಕೆಯವರೆಗೆ ಬೇರೆ ಚಿತ್ರವಿರಲಿಲ್ಲ. ಅನಿಮೆಯಲ್ಲಿ ಅದು ಬಂದು, ಕಥೆ ಮುಂದಕ್ಕೆ ನುಗ್ಗುತ್ತದೆ. ಗೆರೆ, ಕಪ್ಪುಬಿಳುಪು, ಸಂಯೋಜನೆ ಮೂರೂ ಇದ್ದು ನಿಲುಗಡೆ ಇಲ್ಲ. ಭೀತಿಯಿರುವುದು ಆ ನಿಲುಗಡೆಯಲ್ಲಿ.

5. ಉಳಿಸಿಕೊಂಡವರು

ಈ ವಾದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಅನಿಮೆಯನ್ನು ಅನಿಮೆಯಾಗಿಯೇ ನೋಡಬೇಕು, ಮಾಂಗಾದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ ಎಂಬುದು ಆ ಆಕ್ಷೇಪ. ತಾತ್ವಿಕವಾಗಿ ಇದನ್ನು ಅಲ್ಲಗಳೆಯಲಾಗದು. 1988ರ ‘ಅಕಿರಾ’ ಚಿತ್ರ ಇದಕ್ಕೆ ಸಮರ್ಥನೆಯಾಗಿಯೇ ನಿಂತಿದೆ. ಎರಡು ಸಾವಿರ ಪುಟಗಳಿಗೂ ಮಿಕ್ಕಿದ ಮಾಂಗಾ 1990ರಲ್ಲಿ ಮುಗಿಯುವ ಮೊದಲೇ ಓತೊಮೊ ಅವರು ತಾವೇ ನಿರ್ದೇಶಿಸಿದ ಆ ಚಿತ್ರ ಪುಟದ ಕಪ್ಪುಬಿಳುಪನ್ನು ಹಿಂಬಾಲಿಸದೆ, ರಾತ್ರಿನಗರದ ಕೆಂಪು ದೀಪಗಳ ಬೇರೆಯೇ ಸೊಬಗನ್ನು ಸೃಷ್ಟಿಸಿತು. ಅದಕ್ಕೆ ದೊರೆತ ಹಣವೂ ಶ್ರಮವೂ ಸಾಧಾರಣ ಟಿವಿ ಸರಣಿಗಳ ಅಳವಿಗೆ ಮೀರಿದ್ದು ಎಂಬುದನ್ನು ಮಾತ್ರ ಮರೆಯಬಾರದು. ಮೂಲದ ಸೊಬಗನ್ನು ಬಿಟ್ಟು ಪ್ರತಿಯಾಗಿ ಏನನ್ನೂ ಕೊಡದ ನೂರಾರು ಸರಣಿಗಳಿಗೆ ‘ಅಕಿರಾ’ದ ಹೆಸರಿನಲ್ಲಿ ವಿನಾಯಿತಿ ಕೇಳುವುದು ಸರಿಯಲ್ಲ.

ಹೆಚ್ಚು ಕುತೂಹಲಕರವಾದವು ಮಾಂಗಾದ ಚಿತ್ರವನ್ನು ನಕಲು ಮಾಡದೆಯೇ ಪುಟದ ಯಾವುದೋ ಒಂದು ಗುಣವನ್ನು ಹಿಡಿದುಕೊಂಡ ಕೃತಿಗಳು. ಒಸಾಮು ದೆಜಾಕಿ (1943-2011) ಅವರ ಪ್ರಸಿದ್ಧ ತಂತ್ರವೊಂದಿದೆ. ದೃಶ್ಯದ ತುದಿಯಲ್ಲಿ ಚಲನೆ ಥಟ್ಟನೆ ನಿಂತು, ತೆಳುಗೆರೆಯ ಚಿತ್ರ ಒರಟಾದ ಕುಂಚಚಿತ್ರವಾಗಿ ಮಾರ್ಪಟ್ಟು ಕೆಲವು ಗಳಿಗೆ ಹಾಗೆಯೇ ಉಳಿಯುತ್ತದೆ. ರಿಯೊಕೊ ಇಕೆದಾ ಅವರ ‘ವರ್ಸಾಯಿಯ ಗುಲಾಬಿ’ (1972-73) ಶೋಜೊ ಮಾಂಗಾ 1979-80ರಲ್ಲಿ 40 ಕಂತುಗಳ ಅನಿಮೆಯಾದಾಗ ಹತ್ತೊಂಬತ್ತನೆಯ ಕಂತಿನಿಂದ ನಿರ್ದೇಶನ ದೆಜಾಕಿಯವರ ಕೈಗೆ ಬಂತು. ಇಕೆದಾ ಅವರ ಪುಟಗಳ ಹೂಬಳ್ಳಿ, ನಕ್ಷತ್ರಗಣ್ಣುಗಳು ಯಥಾವತ್ತಾಗಿ ಬರದಿದ್ದರೂ, ಗಳಿಗೆಯೊಂದನ್ನು ಕಾಲದ ಓಟದಿಂದ ಕಿತ್ತು ಎದುರಿಗೆ ಇಡುವ ಶೋಜೊ ಪುಟದ ಸ್ವಭಾವ ಈ ತಡೆಗಳಲ್ಲಿ ಮರುಹುಟ್ಟು ಪಡೆಯಿತು. ಮಾಸಾಅಕಿ ಯುಆಸಾ ಅವರ ‘ಪಿಂಗ್ ಪಾಂಗ್’ (2014, 11 ಕಂತುಗಳು) ಹಿಡಿದದ್ದು ಇನ್ನೊಂದು ಗುಣವನ್ನು. ತೈಯೊ ಮಾತ್ಸುಮೊತೊ ಅವರ ನಡುಗುವ, ಸೊಟ್ಟಾದ ಗೆರೆಯನ್ನು ಅವರು ನೇರಗೊಳಿಸಲಿಲ್ಲ. ಮುಖಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾದರೆ ಆಗಲಿ ಎಂದು ಬಿಟ್ಟರು. ತೆರೆಯನ್ನು ಹಲವು ಚೌಕಗಳಾಗಿ ಸೀಳಿ ಚೆಂಡು, ಕಣ್ಣು, ಮುಷ್ಟಿಗಳನ್ನು ಒಟ್ಟಿಗೆ ತೋರಿಸಿದರು. ಏಕರೂಪತೆಯ ನಿಯಮವನ್ನು ಸಡಿಲಿಸಿದ್ದರಿಂದ ಖರ್ಚೂ ಹತೋಟಿಯಲ್ಲಿ ಉಳಿಯಬಹುದು, ಕೈಬರಹದ ಗುಣವೂ ಉಳಿಯಬಹುದು ಎಂಬ ಸಾಧ್ಯತೆಯನ್ನು ಇದು ತೋರಿಸುತ್ತದೆ.

ಇಸಾವೊ ತಾಕಾಹಾತಾ ಅವರ ‘ನೆರೆಮನೆಯ ಯಾಮಾದಾಗಳು’ (1999) ಇವೆಲ್ಲಕ್ಕಿಂತ ದೂರ ಹೋದ ಪ್ರಯತ್ನ. ಹಿಸಾಇಚಿ ಇಶಿಇ ಅವರು ಪತ್ರಿಕೆಗೆ ಬರೆಯುತ್ತಿದ್ದ ನಾಲ್ಕು ಚೌಕಗಳ ಹಾಸ್ಯಮಾಂಗಾ ಇದರ ಮೂಲ. ಸಾಧಾರಣ ಕುಟುಂಬವೊಂದರ ದಿನನಿತ್ಯದ ಸಣ್ಣಪುಟ್ಟ ಎಡವಟ್ಟುಗಳೇ ಅದರ ವಸ್ತು. ಇಶಿಇ ಅವರ ಚೌಕಗಳಲ್ಲಿ ಹಿನ್ನೆಲೆಯೆಂಬುದು ಬಹುಪಾಲು ಇರುವುದೇ ಇಲ್ಲ. ಕುಳ್ಳಗಿನ ಮನುಷ್ಯ, ಒಂದು ಮೇಜು, ಉಳಿದದ್ದೆಲ್ಲ ಬಿಳಿ ಕಾಗದ. ಘಿಬ್ಲಿ ಸ್ಟುಡಿಯೊದ ಹಿಂದಿನ ಚಿತ್ರಗಳ ಶ್ರೀಮಂತ ಹಿನ್ನೆಲೆಗಳನ್ನು ಕಂಡಿದ್ದವರು ಇಲ್ಲಿಯೂ ಅಂಥದನ್ನೇ ನಿರೀಕ್ಷಿಸಿರಬೇಕು. ತಾಕಾಹಾತಾ ಆ ಬಿಳಿಯನ್ನು ತುಂಬಲು ಒಪ್ಪಲಿಲ್ಲ. ಜಲವರ್ಣದ ತೆಳುವಾದ ತೊಳೆ ಅಂಚು ಮುಟ್ಟುವ ಮೊದಲೇ ನಿಂತುಹೋಗುತ್ತದೆ. ಗೆರೆ ಕೆಲವೆಡೆ ಮುಚ್ಚಿಕೊಳ್ಳುವುದಿಲ್ಲ. ಬಾಗಿಲಿನ ಆಚೆ ಮನೆಯೇ ಇಲ್ಲ. ಕೈಬಿಟ್ಟಂತೆ ತೋರುವ ಈ ಸರಳತೆಯನ್ನು ಸೆಲ್ ಹಾಳೆಗಳಲ್ಲಿ ಸಾಧಿಸಲು ಬರುವಂತಿರಲಿಲ್ಲ. ಆದ್ದರಿಂದ ಸ್ಟುಡಿಯೊ ತನ್ನ ಇತಿಹಾಸದಲ್ಲಿ ಮೊದಲ ಸಲ ಇಡೀ ಚಿತ್ರವನ್ನು ಗಣಕಯಂತ್ರದಲ್ಲಿ ಜೋಡಿಸಬೇಕಾಯಿತು. ಮುಚ್ಚದ ಗೆರೆಯೊಳಗೆ ಬಣ್ಣ ನಿಲ್ಲಿಸಲು ಬೇಕಾದ ಹೆಚ್ಚುವರಿ ಚಿತ್ರಗಳಿಂದ ಶ್ರಮ ಹಲವು ಪಟ್ಟಾಯಿತು. ಖಾಲಿ ಕಾಗದವನ್ನು ಖಾಲಿಯಾಗಿ ಉಳಿಸಲು ಇಷ್ಟೊಂದು ವ್ಯಯಿಸಿದ ಈ ಚಿತ್ರ ಗಳಿಕೆಯಲ್ಲಿ ನಿರೀಕ್ಷೆಯನ್ನು ಮುಟ್ಟಲಿಲ್ಲ. ಮುಂದೆ ತಾಕಾಹಾತಾ ಇನ್ನೊಂದು ಪೂರ್ಣಪ್ರಮಾಣದ ಚಿತ್ರ ಮಾಡಲು ಹದಿನಾಲ್ಕು ವರ್ಷಗಳು ಬೇಕಾದವು. 2013ರಲ್ಲಿ ಬಂದ ಆ ‘ರಾಜಕುಮಾರಿ ಕಾಗುಯಾ’ದಲ್ಲಿ ಮಾಂಗಾ ಇಲ್ಲ, ಹಳೆಯ ಜಾನಪದ ಕಥೆಯಿದೆ. ಆದರೆ ನಾಯಕಿ ಅರಮನೆಯಿಂದ ಓಡಿಹೋಗುವ ದೃಶ್ಯದಲ್ಲಿ ಇದ್ದಿಲಿನಂಥ ಒರಟು ಗೆರೆ ಚಿತ್ರದಿಂದ ಚಿತ್ರಕ್ಕೆ ಹರಿದು, ಚದುರಿ, ಆಕೆಯ ಜೊತೆಗೆ ಓಡುತ್ತದೆ. ಯಾಮಾದಾಗಳ ಮನೆಯ ಬಿಳಿ ಗೋಡೆಯ ಮೇಲೆ ಕಲಿತದ್ದು ಅದು.